ಎಣ್ಣೆಗಿಂಡಿಯ ಕೆಂಪು ದೀಪ ಮಿಣುಕಿದರೆ



ಹಬ್ಬಕ್ಕೋ ಮದುವೆಗೋ ಊರಿಗೆ ಹೊರಟಿದ್ದೀರಿ ಅನ್ನಿ. ಮುಂಬೈ ಬಿಟ್ಟು, ಪುಣೆ ದಾಟಿ, ಖಂಬಾಟ್ಕಿ ಘಾಟ್ ಹತ್ತಿ ಇಳಿದು, ಚಹಾಕ್ಕೆಂದು ಗಾಡಿ ನಿಧಾನ ಮಾಡಿದಿರಿ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ ಮಿಣುಕುತ್ತದೆ. ಸ್ವಲ್ಪ ರೇಸ್ ಕೊಟ್ಟರೆ ಆರಿಹೋಗುತ್ತದೆ. ಗಾಡಿಗೆ 15 ವರ್ಷ, ಮೀಟರಿನಲ್ಲಿ 2 ಲಕ್ಷ ಕಿಲೋಮೀಟರ್. ಒಬ್ಬ ಮೆಕ್ಯಾನಿಕ್ ‘ಸ್ವಿಚ್ ಹೋಗಿದೆ ಸಾಹೇಬ್ರೇ, ಏನೂ ಆಗಲ್ಲ, ನಡೀರಿ’ ಅನ್ನುತ್ತಾನೆ. ಇನ್ನೊಬ್ಬ ‘ಎಂಜಿನ್ ಬಿಚ್ಚಲೇಬೇಕು’ ಅನ್ನುತ್ತಾನೆ. ಮೊದಲನೆಯವನ ಮಾತು ಸುಳ್ಳಾದರೆ ಎಂಜಿನ್ನೇ ಹೋಯಿತು. ಎರಡನೆಯವನದು ಸುಳ್ಳಾದರೆ ಸಾವಿರಾರು ರೂಪಾಯಿ ದಂಡ. ಇಬ್ಬರೂ ಒಂದನ್ನು ಮಾತ್ರ ಮಾಡಿಲ್ಲ: ಒತ್ತಡ ಎಷ್ಟಿದೆಯೆಂದು ಅಳೆದು ನೋಡಿಲ್ಲ.

ಆ ಕೆಂಪು ದೀಪ ಹೇಳುವುದು ಆಯಿಲ್ಲಿನ ಒತ್ತಡದ ವಿಷಯ. ಆಯಿಲ್ ಎಷ್ಟಿದೆ ಎಂಬುದಕ್ಕೆ ಕಡ್ಡಿ ಎಳೆದೇ ನೋಡಬೇಕು. ಹಳೇ ಬಿಲ್ಡಿಂಗುಗಳಲ್ಲಿ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬೆಳಿಗ್ಗೆ ಕೆಳಗಿನ ಮನೆಯವರೆಲ್ಲ ನಲ್ಲಿ ತಿರುಗಿಸಿದರೆ ನಾಲ್ಕನೇ ಮಹಡಿಯಲ್ಲಿ ನೀರು ದಾರದಂತೆ ಬರುತ್ತದಲ್ಲ, ಎಂಜಿನ್ನಿನ ಒಳಗೂ ಹಾಗೆಯೇ. ಪಂಪು ಆಯಿಲನ್ನು ತಳ್ಳುತ್ತದೆ ಅಷ್ಟೆ. ಆಯಿಲ್ ಬೇರಿಂಗುಗಳ ಕಿರಿದಾದ ಸಂದಿಯಲ್ಲಿ ನುಸುಳಲು ಕಷ್ಟಪಡುತ್ತದಲ್ಲ, ಒತ್ತಡ ಹುಟ್ಟುವುದು ಅಲ್ಲಿ. ಹೊಸ ಎಂಜಿನ್ನಿನಲ್ಲಿ ಆ ಸಂದಿ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ಸವೆದು ಅಗಲವಾದರೆ ಕೆಳಗಿನ ಮನೆಗಳ ನಲ್ಲಿಗಳೆಲ್ಲ ತೆರೆದಂತೆ. ಆಯಿಲ್ ಬಿಸಿಯಾಗಿ ತೆಳುವಾದಾಗ, ಅದರಲ್ಲೂ ಸಿಗ್ನಲ್ಲಿನಲ್ಲಿ ನಿಂತು ಪಂಪು ನಿಧಾನಕ್ಕೆ ತಿರುಗುವಾಗ, ಒತ್ತಡ ಕುಸಿಯುತ್ತದೆ. ದೀಪ ಮೊದಲು ಮಿಣುಕುವುದು ಆಗಲೇ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಬಹುಪಾಲು ಕಾರುಗಳಲ್ಲಿ ದೀಪದ ಸ್ವಿಚ್ ಕೆಲಸ ಮಾಡುವುದು ಒತ್ತಡ ಸುಮಾರು 5ರಿಂದ 7 ಪಿಎಸ್‌ಐಗೆ ಇಳಿದಾಗ. ಅಂದರೆ ಸ್ವಿಚ್ ಸರಿಯಿದ್ದು ದೀಪ ಹತ್ತಿದೆಯೆಂದರೆ ಪರಿಸ್ಥಿತಿ ಆಗಲೇ ತೀರಾ ಕೆಟ್ಟಿದೆ. ದೀಪ ಆರಿದೆ ಎಂದರೆ ಎಲ್ಲ ಸರಿಯಿದೆ ಎಂದೂ ಅಲ್ಲ. 3000 ಆರ್‌ಪಿಎಂನಲ್ಲಿ ಬರೀ 10 ಪಿಎಸ್‌ಐ ಇದ್ದರೂ ದೀಪ ಆರಿಯೇ ಇರುತ್ತದೆ, ಬೇರಿಂಗು ಮಾತ್ರ ಸವೆಯುತ್ತಿರುತ್ತದೆ. ಆದ್ದರಿಂದ ದೀಪವನ್ನು ನಂಬಿ ನಡೆಯುವುದೂ ಬೇಡ, ದೀಪಕ್ಕೆ ಹೆದರಿ ಎಂಜಿನ್ ಬಿಚ್ಚಿಸುವುದೂ ಬೇಡ.

ದೀಪ ಹತ್ತಿ ಹಾಗೇ ಉಳಿದರೆ ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಬಂದ್ ಮಾಡಿ. ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗೋಣ ಎನ್ನಬೇಡಿ. ಸಮತಟ್ಟು ಜಾಗದಲ್ಲಿ ಐದು-ಹತ್ತು ನಿಮಿಷ ಬಿಟ್ಟು ಕಡ್ಡಿ ನೋಡಿ. ಆಯಿಲ್ ಕಡಿಮೆಯಿದ್ದರೆ ಅದೇ ಗ್ರೇಡಿನದು ಹಾಕಿ. ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಮಾತ್ರ ದೀಪ ಮಿಣುಕುತ್ತಿದ್ದರೆ ಬಹುತೇಕ ಇದೇ ಕಾರಣ. ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಕೂಲಂಟ್ ಬೆರೆತಿರಬಹುದು, ಪೆಟ್ರೋಲ್ ವಾಸನೆ ಬಂದರೆ ಇಂಧನ ಸೇರಿ ತೆಳುವಾಗಿದೆ. ಮಟ್ಟ ಸರಿಯಿದ್ದು, ಮತ್ತೆ ಚಾಲೂ ಮಾಡಿದಾಗಲೂ ದೀಪ ಆರದಿದ್ದರೆ, ಅಥವಾ ಎಂಜಿನ್ನಿನ ತಳದಿಂದ ಡಗ್ ಡಗ್ ಎಂದು ದಪ್ಪ ಸದ್ದು ಬಂದರೆ, ಟೋಯಿಂಗ್ ಗಾಡಿಯೇ ಗತಿ. ಮೇಲಿನಿಂದ ಬರುವ ಟಿಕ್ ಟಿಕ್ ಟಾಪೆಟ್ ಸದ್ದು ಅಷ್ಟು ಭಯಂಕರವಲ್ಲ, ಆದರೂ ಅದೂ ಆಯಿಲ್ ಸಾಲದೆ ಕೂಗುತ್ತಿರಬಹುದು.

ಗ್ಯಾರೇಜಿಗೆ ಹೋದಾಗ ಮೊದಲು ಕೇಳಬೇಕಾದ್ದು ಒಂದೇ: ‘ಗೇಜ್ ಹಾಕಿ ತೋರಿಸಿ.’ ಸ್ವಿಚ್ಚನ್ನು ಬಿಚ್ಚಿ ಅದೇ ತೂತಿಗೆ ಮುಳ್ಳಿನ ಗೇಜ್ ಜೋಡಿಸುತ್ತಾರೆ. ಸ್ವಿಚ್ ಕೈಗೆ ಸಿಗುವ ಜಾಗದಲ್ಲಿದ್ದರೆ ದೊಡ್ಡ ಕೆಲಸವೇನಲ್ಲ. ರೇಡಿಯೇಟರ್ ಫ್ಯಾನು ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಬಿಸಿಯಾಗಬೇಕು. ತಣ್ಣಗಿದ್ದಾಗ ಅಳೆದರೆ ಮುದಿ ಎಂಜಿನ್ನೂ ಹುಡುಗನಂತೆ ನಟಿಸುತ್ತದೆ! ನ್ಯೂಟ್ರಲ್‌ನಲ್ಲಿ ಒಮ್ಮೆ, 3000 ಆರ್‌ಪಿಎಂನಲ್ಲಿ ಒಮ್ಮೆ ಓದಿ ಬರೆದುಕೊಳ್ಳಿ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ಹೇಳುವ ಅಂಕಿಯೇ ಕೊನೆಯ ಮಾತು. ಅದು ಸಿಗದಿದ್ದರೆ ಹಳೇ ಮೇಸ್ತ್ರಿಗಳ ಒಂದು ಲೆಕ್ಕವಿದೆ: ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ. ಒರಟು ಲೆಕ್ಕ, ಆದರೆ ಹಳೇ ಗಾಡಿಗಳಿಗೆ ದಾರಿ ತೋರಿಸುತ್ತದೆ.

ಗೇಜಿನಲ್ಲಿ ಒತ್ತಡ ಚೆನ್ನಾಗಿದ್ದೂ ದೀಪ ಹತ್ತುತ್ತಿದ್ದರೆ ದೋಷ ಸ್ವಿಚ್ಚಿನದೋ ವೈರಿನದೋ. ಕೆಲವು ನೂರು ರೂಪಾಯಿಯಲ್ಲಿ ಮುಗಿಯಿತು. ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ ಮಾತ್ರ ಇಳಿಯುತ್ತದೆ, ರೇಸ್ ಕೊಟ್ಟರೆ ಏರುತ್ತದೆ ಎಂದರೆ ಬೇರಿಂಗಿನ ಸವೆತ, ಇಲ್ಲವೇ ತೆಳು ಆಯಿಲ್. ತಣ್ಣಗೆ, ಬಿಸಿ, ಮೇಲೆ, ಕೆಳಗೆ ಎಲ್ಲದರಲ್ಲೂ ಕಡಿಮೆಯಿದ್ದರೆ ಪಂಪು, ರಿಲೀಫ್ ವಾಲ್ವ್ ಅಥವಾ ಆಯಿಲ್ ಹೀರುವ ಜಾಲರಿಯ ಮೇಲೆ ಅನುಮಾನ. ಹೈವೇಯಲ್ಲಿ ಸ್ವಲ್ಪ ಹೊತ್ತು ಓಡಿದ ಮೇಲೆ ಬೀಳುತ್ತಾ ಹೋದರೆ ಜಾಲರಿಗೆ ಕಪ್ಪು ಗಸಿ ಮೆತ್ತಿರುವ ಸಂಭವವೇ ಹೆಚ್ಚು.

ಈ ಗಸಿ ಮಹಾನಗರದ ಗಾಡಿಗಳ ಖಾಯಿಲೆ. ಅಂಧೇರಿಯಲ್ಲಾಗಲಿ ಅಮೀರ್‌ಪೇಟೆಯಲ್ಲಾಗಲಿ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಎಂಜಿನ್ ಓಡಿದರೂ ಮೀಟರು ಏಳೆಂಟು ಕಿಲೋಮೀಟರಷ್ಟೇ ತೋರಿಸುತ್ತದೆ. ಹಾಗಾಗಿ ನಗರದಲ್ಲೇ 80,000 ತೆವಳಿದ ಎಂಜಿನ್ನು ಹೈವೇಯಲ್ಲಿ ಲಕ್ಷ ದಾಟಿದ್ದಕ್ಕಿಂತ ಹೆಚ್ಚು ದಣಿದಿರಬಹುದು. ಕಿಲೋಮೀಟರ್ ನೋಡಿ ಆಯಿಲ್ ಬದಲಿಸುವವರು ತಿಂಗಳನ್ನೂ ಲೆಕ್ಕ ಹಾಕಬೇಕು. ಗಸಿ ತೆಗೆಯಲು ಫ್ಲಶ್ ದ್ರಾವಣ ಹಾಕಿಸುವುದು ಹಳೇ ಎಂಜಿನ್ನಿಗೆ ನನಗೆ ಇಷ್ಟವಿಲ್ಲ. ಕಿತ್ತು ಬಂದ ಗಸಿಯೆಲ್ಲ ಜಾಲರಿಗೇ ಹೋಗಿ ಕೂತರೆ ಇದ್ದ ಒತ್ತಡವೂ ಹೋಗುತ್ತದೆ. ಕೆಳಗಿನ ಚೇಂಬರ್ ಇಳಿಸಿ ಜಾಲರಿ ತೊಳೆಸುವುದೇ ಮೇಲು.

ಇನ್ನು ಆಯಿಲ್. ಪುಸ್ತಕ 20ಡಬ್ಲ್ಯು-40 ಎಂದಿರುವ ಹಳೇ ಗಾಡಿಗೆ ದುಬಾರಿಯದೇ ಒಳ್ಳೆಯದೆಂದು 0ಡಬ್ಲ್ಯು-20 ಹಾಕಿಸಿದರೆ ಬಿಸಿಯಲ್ಲಿ ಒತ್ತಡ ಇಳಿದೇ ಇಳಿಯುತ್ತದೆ. ಉಲ್ಟಾ ಆಟವೂ ಇದೆ. ಸೆಕೆಂಡ್ ಹ್ಯಾಂಡ್ ಮಾರುವ ಕೆಲವರು ಗಟ್ಟಿ ಆಯಿಲ್, ಜೊತೆಗೊಂದು ಡಬ್ಬಿ ಜಿಗುಟು ದ್ರವ ಸುರಿದು ಸದ್ದು, ದೀಪ ಎರಡನ್ನೂ ಅಡಗಿಸುತ್ತಾರೆ. ಕೊಳ್ಳುವ ಮುಂಚೆ ಅರ್ಧ ಗಂಟೆ ಓಡಿಸಿ, ಬಿಸಿ ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು ದೀಪದ ಕಡೆ ನೋಡಿ. ಕೀ ತಿರುಗಿಸಿದಾಗ, ಎಂಜಿನ್ ಚಾಲೂ ಆಗುವ ಮುಂಚೆ, ಆ ದೀಪ ಹತ್ತಲೇಬೇಕು. ಹತ್ತದಿದ್ದರೆ ಬಲ್ಬೋ ಸ್ವಿಚ್ಚೋ ಕೆಟ್ಟಿರಬಹುದು, ಅಥವಾ ಯಾರೋ ವೈರು ಕಿತ್ತಿರಬಹುದು.

ಬೇರಿಂಗ್ ಸವೆದಿದೆ ಎಂಬ ಅನುಮಾನವಿದ್ದರೆ ಹಳೇ ಫಿಲ್ಟರ್ ಎಸೆಯಲು ಬಿಡಬೇಡಿ. ಕತ್ತರಿಸಿ, ಒಳಗಿನ ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದರೆ ಬೆಳ್ಳಿಯ, ತಾಮ್ರದ ಬಣ್ಣದ ಮಿನುಗು ಕಾಣುತ್ತದೆ. ಅಯಸ್ಕಾಂತಕ್ಕೆ ಅಂಟುವುದಿಲ್ಲ, ಏಕೆಂದರೆ ಅದು ಬೇರಿಂಗಿನ ಮೈಯ ಪುಡಿ. ಬೇಗ ಗೊತ್ತಾದರೆ ಬೇರಿಂಗ್ ಮತ್ತು ಪಂಪು ಬದಲಿಸಿದರೆ ಸಾಕಾಗಬಹುದು. ತಡವಾದರೆ ಕ್ರ್ಯಾಂಕ್ ಮೈಯಲ್ಲಿ ಗೀರು ಬಿದ್ದು, ಅದನ್ನು ಲೇಥಿಗೆ ಕೊಟ್ಟು ತಿಕ್ಕಿಸಿ, ಅಳತೆಗೆ ತಕ್ಕ ಬೇರಿಂಗ್ ಹುಡುಕಬೇಕು. 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರಂಥ ಗಾಡಿಗಾದರೆ ದೆಹಲಿಯ ಕಾಶ್ಮೀರಿ ಗೇಟ್, ಚೆನ್ನೈನ ಪುದುಪೇಟೆ, ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು. ಹೋಗುವಾಗ ಗೇಜಿನಲ್ಲಿ ಓದಿದ ಆ ಎರಡು ಅಂಕಿ ಬರೆದ ಚೀಟಿ ಜೇಬಿನಲ್ಲಿರಲಿ.