ಅಮ್ಮನೇ ಮೇಷ್ಟ್ರು, ಅಡುಗೆಮನೆಯೇ ಶಾಲೆ!

ಹಿಂದೂಪುರ: ಬೆಳಿಗ್ಗೆ ಏಳೂವರೆ ಗಂಟೆ. ಮಾರುಕಟ್ಟೆ ಹಿಂದಿನ ಓಣಿಯ ಈ ಮನೆಯಲ್ಲಿ ಒಗ್ಗರಣೆ ಚಟಪಟ ಅನ್ನುತ್ತಿದೆ. ಒಲೆಯಿಂದ ಸ್ವಲ್ಪ ದೂರ, ನೆಲದ ಮೇಲೆ ಅಗಲವಾದ ಸ್ಟೀಲ್ ತಟ್ಟೆ, ಅದರ ತುಂಬ ತೆಳ್ಳಗೆ ಹರಡಿದ ಮರಳು. ಒಂಬತ್ತು ವರ್ಷದ ಹುಡುಗ ತೋರುಬೆರಳಿನಿಂದ ದೊಡ್ಡದಾಗಿ 'ಮ' ತಿದ್ದುತ್ತಾನೆ, ಬಾಯಲ್ಲೂ 'ಮ' ಅನ್ನುತ್ತಾನೆ. ತಟ್ಟೆ ಅಲುಗಾಡಿಸಿ ಅಳಿಸುತ್ತಾನೆ. ಆಮೇಲೆ 'ವ'. ಹತ್ತು ನಿಮಿಷ ಆಗುತ್ತಲೇ ಎದ್ದು ಓಟ! ಅಮ್ಮ ಕೂಗಿ ಕರೆಯುವುದಿಲ್ಲ. 'ಹೋಗ್ಲಿ ಬಿಡಣ್ಣಾ, ಎರಡು ಬಿಂದಿಗೆ ನೀರು ತುಂಬಿಸಿ ಬರ್ತಾನೆ. ಆಮೇಲೆ ಇನ್ನ ಹತ್ತು ನಿಮಿಷ ಕೂರ್ತಾನೆ' ಎಂದು ಈರುಳ್ಳಿ ಹೆಚ್ಚುತ್ತಲೇ ಹೇಳುತ್ತಾರೆ.

ಹುಡುಗನಿಗಿರುವುದು ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವ ತೊಂದರೆ. ಜೊತೆಗೆ ಒಂದು ಕಡೆ ಗಮನ ನಿಲ್ಲಿಸಲಾಗದ ಸಮಸ್ಯೆ. ಒಂದು ಇಡೀ ವರ್ಷ ಇವನಿಗೆ ಈ ಅಡುಗೆಮನೆಯೇ ಶಾಲೆಯಾಗಿತ್ತು. ಈಗ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಆದರೂ ಬೆಳಗಿನ ಮರಳಿನ ತಟ್ಟೆ ನಿಂತಿಲ್ಲ. ಹೆಸರು ಬರೆಯಬೇಡಿ ಎಂದು ಮನೆಯವರು ಕೇಳಿಕೊಂಡಿದ್ದಾರೆ, ಹೀಗಾಗಿ ಬರೆದಿಲ್ಲ.

ಮೂರು ಭಾಷೆಯ ನೆಪ

ತಂದೆ ಹುಣಸೆಹಣ್ಣಿನ ಮಂಡಿಯಲ್ಲಿ ಗುಮಾಸ್ತರು. ತಾಯಿ ಇಂಟರ್ ಓದಿದವರು, ತವರು ಕಲ್ಯಾಣದುರ್ಗ. ಮನೆಮಾತು ಕನ್ನಡ, ಬೀದಿಯ ಮಾತು ತೆಲುಗು, ಪುಸ್ತಕದ ಮಾತು ಇಂಗ್ಲಿಷ್. ಗಡಿಯಲ್ಲಿರುವ ನಮ್ಮ ಮನೆಗಳಲ್ಲೆಲ್ಲ ಇದೇ ಕಥೆ. ಆದ್ದರಿಂದಲೇ ಹುಡುಗ ಒಂದನೇ ತರಗತಿಯಲ್ಲಿ ತಡವರಿಸಿದಾಗ ಯಾರಿಗೂ ಅನುಮಾನ ಬರಲಿಲ್ಲ. 'ಮೂರು ಭಾಷೆ ಕಲಸಿಕೊಂಡಿದಾನೆ, ಸರಿಹೋಗ್ತಾನೆ' ಎಂದರು. ಎರಡನೇ ತರಗತಿಯಲ್ಲಿ ಅವನಿದ್ದ ಖಾಸಗಿ ಶಾಲೆಯ ಟೀಚರ್ ಇನ್ನೊಂದು ಸಲಹೆ ಕೊಟ್ಟರು: ಮನೆಯಲ್ಲಿ ಕನ್ನಡ ಬಿಟ್ಟುಬಿಡಿ, ಇಂಗ್ಲಿಷಿನಲ್ಲೇ ಮಾತಾಡಿ.

ಮನೆಯವರು ಅದನ್ನೂ ಮಾಡಿ ನೋಡಿದರು. ಹುಡುಗ ಮಾತಾಡುವುದನ್ನೇ ಕಡಿಮೆ ಮಾಡಿದ! ಓದು ಮಾತ್ರ ಇದ್ದಲ್ಲೇ ಇತ್ತು.

ಇಲ್ಲೊಂದು ಮಾತನ್ನು ಪೋಷಕರು ಗಮನಿಸಬೇಕು. ಮನೆಯಲ್ಲಿ ಎರಡು ಮೂರು ಭಾಷೆ ಇದ್ದರೆ ಡಿಸ್ಲೆಕ್ಸಿಯಾ ಬರುವುದಿಲ್ಲ. ಬುದ್ಧಿ ಕಡಿಮೆಯಿಂದಲೂ ಬರುವುದಿಲ್ಲ, ಕಣ್ಣಿನ ದೋಷವೂ ಅಲ್ಲ. ಕಿವಿಗೆ ಬಿದ್ದ ಮಾತನ್ನು ಸದ್ದುಗಳಾಗಿ ಬಿಡಿಸಿ, ಆ ಸದ್ದನ್ನು ಅಕ್ಷರಕ್ಕೆ ಜೋಡಿಸುವ ಕಡೆ ಇರುವ ತೊಂದರೆ ಅದು. ತೆಲುಗು ಹೊಸದಾಗಿ ತಡವರಿಸುವ ಮಗು ಬಲ್ಲ ಭಾಷೆಯಲ್ಲಿ ಕಲಿಸಿದರೆ ಓದಿಬಿಡುತ್ತದೆ. ಡಿಸ್ಲೆಕ್ಸಿಯಾ ಇರುವ ಮಗು ಮನೆಮಾತಿನ ಅಕ್ಷರಕ್ಕೂ ಎಡವುತ್ತದೆ. ಹಾಗಾಗಿ ಮಗು ಚೆನ್ನಾಗಿ ಬಲ್ಲ ಭಾಷೆಯಲ್ಲೇ ಪರೀಕ್ಷೆ ಮಾಡಿಸಬೇಕು. ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ 'ಡಾಲಿ' ಎಂಬ ಪರೀಕ್ಷಾ ಸಾಮಗ್ರಿ ಹೊರತಂದಾಗ ಅದು ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷಿನಲ್ಲಿತ್ತು. ತೆಲುಗು ಆಗ ಅದರಲ್ಲಿರಲಿಲ್ಲ. ಆಂಧ್ರದಲ್ಲಿದ್ದೂ ಕನ್ನಡ ಆಡುವ ಮಕ್ಕಳಿಗೆ, ಮರಾಠಿ ಆಡುವ ನಮ್ಮಂಥ ಮನೆಗಳ ಮಕ್ಕಳಿಗೂ, ಇದೊಂದು ಅನುಕೂಲವೇ.

ಬಸ್ಸಿನ ಬಣ್ಣ ಗೊತ್ತು, ಬೋರ್ಡು ಗೊತ್ತಿಲ್ಲ

ಮೊದಲು ಅನುಮಾನಪಟ್ಟವರು ಕಲ್ಯಾಣದುರ್ಗದ ತಾತ. ಕಡಲೆಕಾಯಿ ಬೆಳೆಯುವ ರೈತ. ರಜೆಯಲ್ಲಿ ಬಂದ ಮೊಮ್ಮಗ ಒಮ್ಮೆ ಕೇಳಿದ ಕಥೆಯನ್ನು ಮಾರನೇ ದಿನ ಒಂದು ಮಾತೂ ಬಿಡದೆ ಒಪ್ಪಿಸುತ್ತಿದ್ದ. ಪಂಪ್‌ಸೆಟ್ ಬಿಚ್ಚಿದರೆ ಯಾವ ನಟ್ಟು ಎಲ್ಲಿಯದೆಂದು ಹೇಳುತ್ತಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಬಣ್ಣ ನೋಡಿಯೇ ಇದು ಆಂಧ್ರದ್ದು, ಇದು ಕರ್ನಾಟಕದ್ದು ಎನ್ನುತ್ತಿದ್ದ. ಬೋರ್ಡು ಓದು ಅಂದರೆ ಮುಖ ತಿರುಗಿಸುತ್ತಿದ್ದ. 'ಇವನು ದಡ್ಡ ಅಲ್ಲವ್ವ, ಅಕ್ಷರ ಒಂದೇ ಇವನ ಕೈಗೆ ಹತ್ತಂಗಿಲ್ಲ' ಎಂದು ತಾತ ಮಗಳಿಗೆ ಹೇಳಿದರಂತೆ.

ತಾತ ಹೇಳಿದ್ದು ಹಳೆಯ ವೈದ್ಯರ ಮಾತೂ ಹೌದು. 1896ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್ ಇಂಥ ಒಬ್ಬ 14 ವರ್ಷದ ಹುಡುಗನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದರು. ಚುರುಕು ಹುಡುಗ, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ, ಓದು ಮಾತ್ರ ಬಾರದು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಗೆ ಇವನೇ ಜಾಣ ಎಂಬುದು ಅವನ ಮೇಷ್ಟ್ರ ಅಭಿಪ್ರಾಯವಾಗಿತ್ತು.

ಗಮನದ ಸಮಸ್ಯೆಯದು ಬೇರೆ ಲೆಕ್ಕ. ವೈದ್ಯರು ಇದನ್ನು ಎಡಿಎಚ್‌ಡಿ ಎನ್ನುತ್ತಾರೆ. ತುಂಟತನವೆಲ್ಲ ಇದಲ್ಲ. 12 ವರ್ಷಕ್ಕೆ ಮುಂಚೆಯೇ ಶುರುವಾಗಿ, ಮನೆಯಲ್ಲೂ ಶಾಲೆಯಲ್ಲೂ, ಕನಿಷ್ಠ ಆರು ತಿಂಗಳು ಕಂಡರೆ ಮಾತ್ರ ವೈದ್ಯರು ಈ ಹೆಸರು ಕೊಡುತ್ತಾರೆ. ಡಿಸ್ಲೆಕ್ಸಿಯಾ ಇರುವ ಮಕ್ಕಳಲ್ಲಿ ಶೇ 25ರಿಂದ 40ರಷ್ಟು ಮಂದಿಗೆ ಎರಡೂ ಜೊತೆಯಾಗಿರುತ್ತದೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು.

'ಟಿ.ಸಿ. ತಗೊಂಡ್ ಹೋಗಿ'

ಎರಡನೇ ತರಗತಿ ಮುಗಿಯುವ ಹೊತ್ತಿಗೆ ಶಾಲೆಯಿಂದ ಕರೆ ಬಂತು. ಟಿ.ಸಿ. ತಗೊಂಡು ಬೇರೆ ಕಡೆ ನೋಡಿಕೊಳ್ಳಿ ಅಂದರು. ಇವರು ಸಹಿ ಹಾಕಿ ತಗೊಂಡು ಬಂದರು. ಶಿಕ್ಷಣ ಹಕ್ಕು ಕಾಯ್ದೆಯ (2009) 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಶಾಲೆಯೂ ಮಗುವನ್ನು ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಐದು, ಎಂಟನೇ ತರಗತಿಗಳಲ್ಲಿ ಫೇಲ್ ಮಾಡಬಹುದು, ಹೊರಹಾಕಲು ಮಾತ್ರ ಈಗಲೂ ಅವಕಾಶವಿಲ್ಲ. 'ನಮಗೆ ಯಾರು ಹೇಳ್ತಾರಣ್ಣಾ ಅದನ್ನೆಲ್ಲ' ಎಂದರು ತಂದೆ. ನಿಜ ಹೇಳಬೇಕೆಂದರೆ ಈ ವರದಿ ಬರೆಯಲು ಕೂರುವವರೆಗೆ ನನಗೂ ಆ ಸೆಕ್ಷನ್ ಗೊತ್ತಿರಲಿಲ್ಲ.

ತಾಯಿ ಗಾರ್ಮೆಂಟ್ಸ್ ಕೆಲಸ ಬಿಟ್ಟರು. ಮನೆಯಲ್ಲಿ ಪಾಠ ಶುರುವಾಯಿತು. ಮೊದಲ ಮೂರು ತಿಂಗಳು ಶಾಲೆಗಿಂತ ಕೆಟ್ಟದಾಗಿತ್ತು ಎಂದು ಅವರೇ ಒಪ್ಪುತ್ತಾರೆ. ಒಂದೊಂದು ಪದವನ್ನೂ ಹತ್ತು ಸಲ ಕಾಪಿ ಬರೆಸಿದರು. ಹುಡುಗ ಒಂದು ದಿನ ಪುಸ್ತಕ ಹರಿದು ಹಾಕಿದ. 'ಕೆನ್ನೆಗೆ ಹೊಡೆದುಬಿಟ್ಟೆ. ಅವನು ಅಳಲಿಲ್ಲ. ಅಮ್ಮ ನನ್ ತಲೇಲಿ ಏನೋ ಕೆಟ್ಟೋಗಿದೆ, ಡಾಕ್ಟ್ರ ಹತ್ರ ಕರ್ಕೊಂಡ್ ಹೋಗು ಅಂದ' ಎನ್ನುವಾಗ ಅವರ ಧ್ವನಿ ಇಳಿಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆ ವಾರವೇ ಗಂಡ ಹೆಂಡತಿ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರು. ಮೊದಲು ಕಿವಿ, ಕಣ್ಣಿನ ತಪಾಸಣೆ. ಆಮೇಲೆ ಮೂರ್ನಾಲ್ಕು ಸಲ ಓಡಾಟ. ಹುಡುಗನಿಗೆ ಎಂಟು ತುಂಬಿದ ಮೇಲೆ ಕನ್ನಡದಲ್ಲೇ ಪರೀಕ್ಷೆ ನಡೆದು ತೊಂದರೆ ಖಚಿತವಾಯಿತು. 'ಸೋಮಾರಿ ಅಲ್ಲ ಅಂತ ಡಾಕ್ಟ್ರು ಅವನ ಮುಂದೇನೇ ಹೇಳಿದ್ರು. ಅದೇ ದೊಡ್ಡ ಔಷಧ' ಎನ್ನುತ್ತಾರೆ ತಂದೆ. 2007ರ 'ತಾರೇ ಜಮೀನ್ ಪರ್' ಸಿನಿಮಾವನ್ನು ಮೂರು ಸಲ ನೋಡಿದ್ದಾರಂತೆ. 'ಸಿನಿಮಾದಲ್ಲಿ ಎರಡೂವರೆ ಗಂಟೇಲಿ ಹುಡುಗ ಸರಿಹೋಗ್ತಾನೆ. ನಮ್ದು ಎರಡು ವರ್ಷ ಆಯ್ತು, ಇನ್ನ ಇಂಟರ್‌ವಲ್ಲೂ ಬಂದಿಲ್ಲ' ಎಂದು ನಕ್ಕರು.

ಐದೇ ಅಕ್ಷರದಿಂದ ಶುರು

ಅ, ಆ, ಇ, ಈ ಎಂಬ ಸಾಲನ್ನು ತಾಯಿ ಬದಿಗಿಟ್ಟರು. ಬರೆಯಲು ಸುಲಭವಾದ ರ, ಗ, ಸ, ದ, ಅ ಐದನ್ನೇ ಹಿಡಿದರು. ಐದು ಅಕ್ಷರ ಬಂದರೆ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಪಾವಗಡದಲ್ಲಿ ಶಿಕ್ಷಕಿಯಾಗಿರುವ ನೆಂಟರು ಹೇಳಿಕೊಟ್ಟ ದಾರಿ ಇದು, ಕರ್ನಾಟಕದ ನಲಿ-ಕಲಿಯ ಕ್ರಮ. ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ.ಕೋಟೆಯಲ್ಲಿ ಆರಂಭವಾಯಿತು. ಅದಕ್ಕೆ ಪ್ರೇರಣೆ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳು. ಆಂಧ್ರದಿಂದ ಹೋದದ್ದು ಕನ್ನಡ ಕಲಿತು ಮತ್ತೆ ಆಂಧ್ರದ ಅಡುಗೆಮನೆಗೇ ಬಂದಿದೆ!

ಮರಳಿನ ಮೇಲೆ ತಿದ್ದಿಸುವುದು ನಮ್ಮ ಹಿರಿಯರಿಗೆ ಹೊಸದಲ್ಲ. ಕಣ್ಣು, ಕಿವಿ, ಬೆರಳು, ಬಾಯಿ ನಾಲ್ಕೂ ಒಟ್ಟಿಗೆ ಕೆಲಸ ಮಾಡಬೇಕೆಂಬ ಪದ್ಧತಿಯನ್ನು 1930ರ ದಶಕದಲ್ಲಿ ಅಮೆರಿಕದಲ್ಲಿ ಆರ್ಟನ್ ಮತ್ತು ಗಿಲ್ಲಿಂಗ್‌ಹ್ಯಾಮ್ ಎಂಬಿಬ್ಬರು ಡಿಸ್ಲೆಕ್ಸಿಯಾ ಮಕ್ಕಳಿಗಾಗಿಯೇ ರೂಪಿಸಿದರು. ಇಲ್ಲಿ ಮರಳಿನ ಜೊತೆ ಹುಣಸೆಬೀಜವೂ ಇದೆ. ಬೀಜ ಜೋಡಿಸಿ ಅಕ್ಷರ ಮಾಡುವುದು, ಅದರಲ್ಲೇ ಕೂಡುವ ಕಳೆಯುವ ಲೆಕ್ಕ. ಒಂದು ಹೊತ್ತಿಗೆ ಒಂದೇ ಮಾತು ಹೇಳುವುದು. 'ಪುಸ್ತಕ ತಗೊ, ಪೆನ್ಸಿಲ್ ಚೂಪು ಮಾಡು, ಕೂತ್ಕೊ' ಎಂದು ಮೂರನ್ನೂ ಒಟ್ಟಿಗೆ ಹೇಳಿದರೆ ಮೂರೂ ಆಗುವುದಿಲ್ಲ.

ಕನ್ನಡ ಉಚ್ಚರಿಸಿದಂತೆ ಬರೆಯುವ ಭಾಷೆ, ಸುಲಭ ಎನ್ನುತ್ತೇವೆ. ಬಿ.ಕಾಂ. ಓದಿದವನ ಲೆಕ್ಕ ನೋಡಿ: 34 ವ್ಯಂಜನ, ತಲಾ 15ರಂತೆ ಕಾಗುಣಿತ, ಒಟ್ಟು 510 ರೂಪ. ಒತ್ತಕ್ಷರ ಇದರಲ್ಲಿ ಸೇರಿಲ್ಲ! ಬೆಂಗಳೂರಿನ ಮಕ್ಕಳ ಕನ್ನಡ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೊಂದರೆ ಇಲ್ಲದ ಮಕ್ಕಳೂ ನಾಲ್ಕನೇ ತರಗತಿಯವರೆಗೆ ಅಕ್ಷರ ಕಲಿಯುತ್ತಲೇ ಇರುವುದು ಕಂಡುಬಂದಿದೆ. ಹೀಗಿರುವಾಗ ಒಂದನೇ ತರಗತಿಯ ಮಗುವಿಗೆ ದಡ್ಡ ಎಂಬ ಹಣೆಪಟ್ಟಿ ಕಟ್ಟುವುದು ಯಾವ ನ್ಯಾಯ?

ಹೆಸರು ಹೊಡೆಸಬೇಡಿ

ಮನೆಪಾಠ ಎಲ್ಲರಿಗೂ ಆಗುವ ಮಾತಲ್ಲ. ದಿನಗೂಲಿಗೆ ಹೋಗುವ ತಾಯಿ ಏನು ಮಾಡಬೇಕು? ಈ ಮನೆಗೂ ಒಂದು ಸಂಬಳ ನಿಂತಿದೆ. ಇನ್ನೊಂದು ಅಪಾಯವೂ ಇದೆ. ಕಲ್ಯಾಣದುರ್ಗದಲ್ಲಿ ತಾತನ ಬೀದಿಯಲ್ಲೇ ಇಂಥದೇ ಇನ್ನೊಬ್ಬ ಹುಡುಗನಿದ್ದಾನೆ. ಮನೆಯಲ್ಲೇ ಕಲಿಸುತ್ತೇವೆಂದು ನಾಲ್ಕನೇ ತರಗತಿಯಲ್ಲಿ ಬಿಡಿಸಿದರು, ಮುಂದೆ ಶಾಲೆಯ ದಾಖಲೆಯಲ್ಲಿ ಹೆಸರೇ ಇಲ್ಲ. ಈಗ ಹದಿನೈದು ವರ್ಷ. ಹತ್ತನೇ ತರಗತಿಯನ್ನು ಓಪನ್ ಸ್ಕೂಲ್‌ನಲ್ಲಿ ಕಟ್ಟಿಸಲು ಮನೆಯವರು ಓಡಾಡುತ್ತಿದ್ದಾರೆ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ 14 ತುಂಬಿದವರಿಗೆ ಆ ಅವಕಾಶ ಇದೆ, ಆದರೆ ನಡುವಿನ ಐದು ವರ್ಷ ಯಾರು ಕೊಡುತ್ತಾರೆ?

ಕಾಯ್ದೆಯಲ್ಲಿ ಮನೆ ಆಧಾರಿತ ಶಿಕ್ಷಣ ಎಂಬುದು 2012ರ ತಿದ್ದುಪಡಿಯಲ್ಲಿ ಬಂದಿದೆ, ಅದು ಬಹುವಿಧ ಮತ್ತು ತೀವ್ರ ಅಂಗವೈಕಲ್ಯದ ಮಕ್ಕಳಿಗೆ. ಡಿಸ್ಲೆಕ್ಸಿಯಾ ಒಂದೇ ಇದ್ದರೆ ಅದು ಅನ್ವಯಿಸದು. ಆದರೆ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು ಅದೇ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಹಿಂದೂಪುರದ ಈ ಹುಡುಗ ಸರ್ಕಾರಿ ಶಾಲೆಯ ನಾಲ್ಕನೇ ತರಗತಿಗೆ ಬಂದದ್ದು ಹಾಗೆಯೇ.

ಪ್ರಮಾಣಪತ್ರದ ಕೆಲಸ ಇನ್ನೂ ಬಾಕಿ ಇದೆ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು, ಅಂದರೆ ಹಿಂದೂಪುರದವರು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ, ಕಲ್ಯಾಣದುರ್ಗದವರು ಅನಂತಪುರ ಜಿಲ್ಲೆಯಲ್ಲಿ. ಪತ್ರ ದೇಶದೆಲ್ಲೆಡೆ ನಡೆಯುತ್ತದೆ, ನಾಳೆ ಬೆಂಗಳೂರಿಗೆ ಹೋದರೂ ಚಿಂತೆಯಿಲ್ಲ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿವೆ. ಬೆಂಗಳೂರಿಗೆ ಹೋಗಲಾಗದವರು ಶಾಲೆ, ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವನ್ನು ತೋರಿಸಬಹುದು. ಅವರು ತಪಾಸಣೆ ಮಾಡುವ 30 ಸಮಸ್ಯೆಗಳಲ್ಲಿ ಇವೆರಡೂ ಇವೆ. ಮಂಡಲದ ಭವಿತ ಕೇಂದ್ರದಲ್ಲೂ ವಿಚಾರಿಸಿ.

ಕನ್ನಡ ಉಳಿಯುತ್ತದೆಯೇ?

ಈಗ ಮನೆಯಲ್ಲಿ ಹೊಸ ಚರ್ಚೆ ಎದ್ದಿದೆ. ಹುಡುಗನ ಶಾಲೆಯಲ್ಲಿ ಕನ್ನಡ ಇಲ್ಲ. 'ಪರೀಕ್ಷೆಗೆ ಬಾರದ ಕನ್ನಡಕ್ಕೆ ದಿನಾ ಅರ್ಧ ಗಂಟೆ ಯಾಕೆ, ಅದನ್ನೂ ತೆಲುಗಿಗೇ ಕೊಡು' ಎಂಬುದು ನೆಂಟರ ವಾದ. ಮುಂದಿನ ವರ್ಷ ಐದನೇ ತರಗತಿ, ಪಾಠ ಹೆಚ್ಚು, ವಾದದಲ್ಲಿ ಹುರುಳಿಲ್ಲದೇ ಇಲ್ಲ. 'ಅವನು ಮೊದಲು ಓದಿದ್ದು ಕನ್ನಡದಲ್ಲಿ. ಅದನ್ನ ಕಿತ್ತರೆ ಮತ್ತೆ ನನಗೆ ಏನೂ ಬರಲ್ಲ ಅಂತ ಕೂತ್ಬಿಟ್ರೆ?' ಎಂಬುದು ತಾಯಿಯ ಭಯ. ಇನ್ನೂ ತೀರ್ಮಾನವಾಗಿಲ್ಲ.

ಕಳೆದ ರಜೆಯಲ್ಲಿ ಇವರು ಕಲ್ಯಾಣದುರ್ಗಕ್ಕೆ ಪಾವಗಡದ ಮೇಲೆ ಹೋದರು. ಆ ದಾರಿಯಲ್ಲಿ ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಬರಬೇಕು, ಬೋರ್ಡುಗಳೂ ಹಾಗೇ ಬದಲಾಗುತ್ತವೆ. ಪಾವಗಡ ಬಸ್‌ಸ್ಟ್ಯಾಂಡಿನಲ್ಲಿ ಹುಡುಗ 'ಪಾವಗಡ' ಎಂದು ತಾನೇ ಓದಿದ. ಕಲ್ಯಾಣದುರ್ಗದ ಕನ್ನಡ ಬೋರ್ಡಿನ ಮುಂದೆ ನಿಂತ. 'ಕ...ಲ್ಯಾ...ಣ...ದು...ಗ...ರ್' ಎಂದ. ಪಕ್ಕದಲ್ಲೇ ನಿಂತಿದ್ದ ಆಂಧ್ರದ ಬಸ್ಸಿನ ತೆಲುಗು ಬೋರ್ಡನ್ನು ನೋಡಿ ಸರಿಯಾಗಿ 'ದುರ್ಗ' ಎಂದ. ತೆಲುಗಿನಲ್ಲಿ ರ ಮೊದಲು ಬಂದು ಗ ಅದರ ಕೆಳಗೆ ಒತ್ತಾಗುತ್ತದೆ, ಕನ್ನಡದಲ್ಲಿ ಗ ಮುಂದೆ ಬಂದು ಅರ್ಕಾವತ್ತು ಹಿಂದೆ ಬೀಳುತ್ತದೆ.

'ಬಾಯಲ್ಲಿ ರ್ ಮೊದಲು ಬರುತ್ತೆ, ಕನ್ನಡದವರು ಯಾಕೆ ಹಿಂದೆ ಬರೀತಾರೆ?' ಎಂದು ಅಮ್ಮನನ್ನು ಕೇಳಿದನಂತೆ. ಅದೇ ಪ್ರಶ್ನೆಯನ್ನು ಅವರು ನನಗೆ ಕೇಳಿದರು. ನನಗೂ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಹುಡುಗ ನೀರಿನ ಬಿಂದಿಗೆ ಇಳಿಸಿ, ಮರಳಿನ ತಟ್ಟೆ ಎಳೆದುಕೊಂಡು ಮತ್ತೆ ಕೂತ.