ಹುಬ್ಬಿನಡಿಯ ನರ, ವಿಮೆಯ ಕಾಗದ

ತಲೆನೋವಿಗೆ ಆಪರೇಷನ್ ಎಂದ ಕೂಡಲೇ ಕೇಳಿದವರ ಕೈ ತಾನಾಗಿ ನೆತ್ತಿಗೆ ಹೋಗುತ್ತದೆ. ಬುರುಡೆ ಕೊರೆಯುತ್ತಾರೇನೋ ಎಂಬ ಅಂಜಿಕೆ. ಮೈಗ್ರೇನ್ ಶಸ್ತ್ರಚಿಕಿತ್ಸೆ ಎಂದು ಕರೆಯುವ ಈ ವಿಧಾನದಲ್ಲಿ ಮೆದುಳಿನ ತಂಟೆಗೆ ಯಾರೂ ಹೋಗುವುದಿಲ್ಲ. ಕತ್ತರಿ ಆಡುವುದು ಹಣೆ, ಕಣತಲೆ, ಕತ್ತಿನ ಹಿಂಭಾಗ ಮತ್ತು ಮೂಗಿನ ನಡುಗೋಡೆಯಲ್ಲಿ ಮಾತ್ರ. ಇದನ್ನು ಮಾಡುವವರೂ ನರಶಸ್ತ್ರಜ್ಞರಲ್ಲ, ಬಹುಮಟ್ಟಿಗೆ ಪ್ಲಾಸ್ಟಿಕ್ ಸರ್ಜನ್‌ಗಳು. ಇದರ ಖರ್ಚು ಕೊಡಲು ವಿಮಾ ಕಂಪನಿಗಳು ಎತ್ತುವ ತಕರಾರಿನ ಅರ್ಧ ಭಾಗ ಹುಟ್ಟುವುದು ಇಲ್ಲಿಯೇ.

ಮೊದಲು ವ್ಯಾಖ್ಯೆ. ಮೂರು ತಿಂಗಳಿಗೂ ಮೀರಿ, ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವಿದ್ದು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ ಕಂಡರೆ ಅದು ದೀರ್ಘಕಾಲಿಕ ಮೈಗ್ರೇನ್. ಒಟ್ಟಾರೆ ಮೈಗ್ರೇನ್ ಅಪರೂಪದ ಕಾಯಿಲೆಗಳ ಸಾಲಿಗೆ ಸೇರಿದ್ದಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು 2009-10ರಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆ ವರ್ಷ ಯಾವುದಾದರೂ ಬಗೆಯ ಮೈಗ್ರೇನ್ ಕಾಡಿತ್ತು.

ಶಸ್ತ್ರಚಿಕಿತ್ಸೆಯ ಕತೆ ಆರಂಭವಾಗುವುದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ, ಅದೂ ಮುಖದ ಸುಕ್ಕು ತೆಗೆಯುವ ಮೇಜಿನ ಮೇಲೆ. ಹಣೆಯ ಸುಕ್ಕು ಬಿಡಿಸಿಕೊಂಡು ಹೋದ ಕೆಲವರು ಪ್ಲಾಸ್ಟಿಕ್ ಸರ್ಜನ್ ಬಹ್ಮನ್ ಗುಯುರಾನ್ ಬಳಿ ಮರಳಿ ಬಂದು, ಸುಕ್ಕಿನ ಜೊತೆಗೆ ಮೈಗ್ರೇನೂ ಹೋಯಿತು ಎಂದರು. ಗುಯುರಾನ್ ಹಳೆಯ ಕಡತಗಳನ್ನು ಜಾಲಾಡಿದರು. 2000ದಲ್ಲಿ ಪ್ರಕಟವಾದ ಲೆಕ್ಕ ಹೀಗಿತ್ತು: 314 ಮಂದಿಯಲ್ಲಿ ಮೈಗ್ರೇನ್ ಇದ್ದವರು 39, ಅವರಲ್ಲಿ ನೋವು ಕಡಿಮೆಯಾದವರು ಅಥವಾ ಪೂರ್ತಿ ನಿಂತವರು 31.

ಅವರು ಕೊಟ್ಟ ವಿವರಣೆ ಸೊಗಸಾಗಿದೆ. ಕನ್ನಡಿಯ ಮುಂದೆ ನಿಂತು ಹುಬ್ಬು ಗಂಟಿಕ್ಕಿದರೆ ಮೂಗಿನ ಬುಡದಲ್ಲಿ ಎರಡು ಲಂಬ ಗೆರೆ ಏಳುತ್ತವೆ. ಅವನ್ನು ಎಬ್ಬಿಸುವುದು ಕೊರುಗೇಟರ್ ಎಂಬ ಪುಟ್ಟ ಸ್ನಾಯು. ಮುಖದ ಸಂವೇದನೆ ಹೊರುವ ಟ್ರೈಜೆಮಿನಲ್ ನರದ ಎರಡು ಕವಲುಗಳು ಕಣ್ಣುಗೂಡಿನ ಮೇಲಂಚಿನಿಂದ ಹೊರಬಿದ್ದು, ಇದೇ ಸ್ನಾಯುವಿನ ಎಳೆಗಳ ನಡುವೆ ನುಸುಳಿ ಹಣೆಗೆ ಏರುತ್ತವೆ. ಸ್ನಾಯು ಬಿಗಿದರೆ ನರ ಕೆರಳುತ್ತದೆ, ಕೆರಳಿದ ನರ ನೋವಿಗೆ ಕಿಡಿ ಹಚ್ಚುತ್ತದೆ. ಸ್ನಾಯುವನ್ನೇ ತೆಗೆದರೆ ನರಕ್ಕೆ ಬಿಡುಗಡೆ. ಕತ್ತಿನ ಹಿಂಭಾಗದಲ್ಲೂ ಇಂಥದ್ದೇ ಏರ್ಪಾಡು: ದಪ್ಪ ಸ್ನಾಯುವನ್ನು ತೂರಿಕೊಂಡು ತಲೆಯ ಹಿಂಬದಿಗೆ ಏರುವ ಒಂದು ನರ.

ಕೇಳುಗರು ತಲೆದೂಗುವುದೂ ಇಲ್ಲಿ, ಎಡವುವುದೂ ಇಲ್ಲಿ. ಯಾವ ಸ್ನಾಯು ತಪ್ಪಿತಸ್ಥ ಎಂದು ಪತ್ತೆಹಚ್ಚಲು ಸರ್ಜನ್‌ಗಳು ಬಳಸುತ್ತಿದ್ದ ಒಂದು ಪರೀಕ್ಷೆ ಬೊಟಾಕ್ಸ್. ಚುಚ್ಚಿದ ಮೇಲೆ ನೋವು ಇಳಿದರೆ ಸ್ನಾಯುವೇ ಕಾರಣ ಎಂಬ ತರ್ಕ. ಆದರೆ ಬೊಟಾಕ್ಸ್ ಸ್ನಾಯುವನ್ನು ಸಡಿಲಿಸುವುದಷ್ಟೇ ಅಲ್ಲ, ನರತುದಿಗಳು ನೋವಿನ ರಾಸಾಯನಿಕ ಸೂಸುವುದನ್ನೂ ತಡೆಯುತ್ತದೆ. ದೀರ್ಘಕಾಲಿಕ ಮೈಗ್ರೇನ್‌ಗೆ 2010ರಲ್ಲಿ ಅಮೆರಿಕದಲ್ಲಿ ಮಂಜೂರಾದ ಬೊಟಾಕ್ಸ್ ಚಿಕಿತ್ಸೆ ಕೆಲಸ ಮಾಡುವುದು ಮುಖ್ಯವಾಗಿ ಈ ಎರಡನೆಯ ದಾರಿಯಿಂದ ಎಂದು ನರತಜ್ಞರ ಎಣಿಕೆ. ಹಾಗಿದ್ದರೆ ನೋವು ಇಳಿದದ್ದು ಸ್ನಾಯು ನರವನ್ನು ಹಿಂಡುತ್ತಿತ್ತು ಎಂಬುದಕ್ಕೆ ಸಾಕ್ಷಿಯಾಗದು.

ಶಸ್ತ್ರಚಿಕಿತ್ಸೆ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಗುಯುರಾನ್ ತಂಡ ಧೈರ್ಯದ ಪ್ರಯೋಗವೊಂದನ್ನೇ ಮಾಡಿತು. ಅದರ ಫಲಿತಾಂಶ 2009ರಲ್ಲಿ ಬಂತು. 75 ಮಂದಿಯಲ್ಲಿ 49 ಜನಕ್ಕೆ ನಿಜವಾದ ಶಸ್ತ್ರಚಿಕಿತ್ಸೆ, 26 ಜನಕ್ಕೆ ತೋರಿಕೆಯದು. ಆ 26 ಜನಕ್ಕೂ ಚರ್ಮ ಕೊಯ್ದರು, ನರ ಬಿಡಿಸಿ ನೋಡಿದರು, ಏನನ್ನೂ ತೆಗೆಯದೆ ಹೊಲಿದರು. ಒಂದು ವರ್ಷದ ನಂತರ ನೋವು ಪೂರ್ತಿ ನಿಂತವರು ಮೊದಲ ಗುಂಪಿನಲ್ಲಿ 28, ಎರಡನೆಯದರಲ್ಲಿ ಒಬ್ಬರೇ. ಭರ್ಜರಿ ಗೆಲುವು! ಆದರೆ ನೋವು ಅರ್ಧಕ್ಕರ್ಧ ಇಳಿದವರನ್ನು ಎಣಿಸಿದರೆ ಚಿತ್ರ ಬದಲಾಗುತ್ತದೆ. ನಿಜ ಗುಂಪಿನಲ್ಲಿ 41, ಬರೀ ಹೊಲಿಗೆ ಬಿದ್ದ 26ರಲ್ಲಿ 15.

ಒಂದೇ ಕೋಷ್ಟಕವನ್ನು ಎರಡು ಬಣಗಳು ಎರಡು ರೀತಿ ಓದಿದವು. ಸರ್ಜನ್‌ಗಳು 28 ಮತ್ತು 1ರ ಮೇಲೆ ಬೆರಳಿಟ್ಟರು. ಮೈಗ್ರೇನ್ ಮೆದುಳಿನೊಳಗಿನ ಕಾಯಿಲೆ ಎನ್ನುವ ನರತಜ್ಞರಿಗೆ ಕಂಡದ್ದು 15. ಅಮೆರಿಕದ ತಲೆನೋವು ತಜ್ಞರ ಸಂಘ 2013ರಲ್ಲಿ, ಸಂಶೋಧನಾ ಪ್ರಯೋಗದ ಹೊರಗೆ ಈ ಶಸ್ತ್ರಚಿಕಿತ್ಸೆಯನ್ನು ಸೂಚಿಸಬೇಡಿ ಎಂದಿತು. ಅಲ್ಲಿನ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ 2018ರಲ್ಲಿ ಶಸ್ತ್ರಚಿಕಿತ್ಸೆಯನ್ನು ಬೆಂಬಲಿಸಿ ಹೇಳಿಕೆ ಹೊರಡಿಸಿತು.

ವಿಮಾ ಕಂಪನಿಗೆ ಇಂಥ ಜಗಳ ವರದಾನ. ಅಮೆರಿಕದ ಅನೇಕ ಕಂಪನಿಗಳು ಈ ಶಸ್ತ್ರಚಿಕಿತ್ಸೆಯನ್ನು 'ಪ್ರಾಯೋಗಿಕ' ಎಂದು ಗುರುತಿಸಿ ಅರ್ಜಿ ತಿರಸ್ಕರಿಸುತ್ತವೆ. ತಿರಸ್ಕಾರದ ಪತ್ರವೇ ಅಂತಿಮ ಎಂದು ಸುಮ್ಮನಾಗುವವರು ಬಹಳ. ಅಲ್ಲಿನ 2010ರ ಆರೋಗ್ಯ ಕಾನೂನಿನ ಪ್ರಕಾರ ಮೊದಲು 180 ದಿನಗಳೊಳಗೆ ಕಂಪನಿಗೇ ಮೇಲ್ಮನವಿ ಕೊಡಬಹುದು. ಅಲ್ಲೂ ಸೋತರೆ ನಾಲ್ಕು ತಿಂಗಳೊಳಗೆ ಹೊರಗಿನ ಸ್ವತಂತ್ರ ಪರಿಶೀಲನೆ ಕೇಳಬಹುದು. ಆ ತೀರ್ಪಿಗೆ ಕಂಪನಿ ತಲೆಬಾಗಲೇಬೇಕು.

ಭಾರತದ ಪಾಲಿಸಿಯಲ್ಲಿ ಹುಡುಕಬೇಕಾದದ್ದು ಎರಡು ಸಾಲು. ಎಲ್ಲ ಕಂಪನಿಗಳಿಗೂ ಏಕರೂಪವಾಗಿರುವ ಹೊರಗಿಡುವಿಕೆಗಳ ಪಟ್ಟಿಯಲ್ಲಿ 08ನೆಯದು ಸೌಂದರ್ಯ ಮತ್ತು ಪ್ಲಾಸ್ಟಿಕ್ ಸರ್ಜರಿ, 16ನೆಯದು ಪರಿಣಾಮ ಸಾಬೀತಾಗದ ಚಿಕಿತ್ಸೆ. ಹುಬ್ಬಿನ ಸ್ನಾಯು ತೆಗೆಯುವ ಪ್ಲಾಸ್ಟಿಕ್ ಸರ್ಜನ್ನರ ಬಿಲ್ಲಿಗೆ ಎರಡೂ ಅಡ್ಡ ಬರಬಲ್ಲವು. ಕಂಪನಿಯ ಉತ್ತರ ಸಮಾಧಾನ ತರದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ, ಬೆಂಗಳೂರಿನಲ್ಲೂ ಕಚೇರಿಯಿದೆ.

ವೈದ್ಯರಿಗೂ ವಿಮೆಯವರಿಗೂ ಒಟ್ಟಿಗೆ ತೋರಿಸಬಹುದಾದ ಕಾಗದ ಒಂದಿದೆ. ಎರಡು ರೂಲು ಎಳೆದ ಶಾಲೆಯ ನೋಟ್‌ಬುಕ್ ಸಾಕು. 'ಮಂಗಳವಾರ, ಬೆಳಗಿನ ಜಾವ 5, ಎಡ ಹುಬ್ಬಿನ ಮೇಲೆ, ಬೆಳಕು ಆಗದು, ಮಾತ್ರೆ 2, ರಜೆ.' ಇಂಥ ಮೂರು ತಿಂಗಳ ಸಾಲುಗಳಿದ್ದರೆ ನೋವು ಎಲ್ಲಿ ಹೊತ್ತಿಕೊಳ್ಳುತ್ತದೆ, ಹಿಂದಿನ ಔಷಧಗಳು ಎಷ್ಟು ದಿನ ಸೋತವು ಎಂಬುದೆಲ್ಲ ತಾನಾಗಿ ಬಯಲಾಗುತ್ತದೆ. ಕೆಲವೊಮ್ಮೆ ಅದು ಬೇರೆಯೇ ಕಳ್ಳನನ್ನು ಹಿಡಿದುಕೊಡುವುದುಂಟು. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್ ಬಗೆಯದು 10 ದಿನ ದಾಟಿ ತಿಂಗಳುಗಟ್ಟಲೆ ನುಂಗಿದರೆ ಮಾತ್ರೆಯೇ ತಲೆನೋವು ಹುಟ್ಟಿಸಬಹುದು. ಅಂಥವರು ಮೊದಲು ಬಿಡಬೇಕಾದದ್ದು ಮಾತ್ರೆಯನ್ನು, ಅದೂ ವೈದ್ಯರ ಕಣ್ಗಾವಲಿನಲ್ಲಿ.

ಉಳಿದಿರುವುದು ಆ 15 ಜನರ ಒಗಟು. ಏನನ್ನೂ ತೆಗೆಯದೆ ಹೊಲಿದ ಜಾಗದಲ್ಲಿ ವರ್ಷದ ನಂತರವೂ ನೋವು ಅರ್ಧಕ್ಕಿಳಿದದ್ದು ಹೇಗೆ? ನಂಬಿಕೆಯೋ, ಕೊಯ್ತದಿಂದಲೇ ನರಕ್ಕೆ ಸಿಕ್ಕ ಸಡಿಲವೋ, ಮೈಗ್ರೇನ್‌ನ ಸಹಜ ಏರಿಳಿತವೋ? ಸರ್ಜನ್ ಮತ್ತು ನರತಜ್ಞ ಒಂದೇ ತಂಡದಲ್ಲಿ ಕುಳಿತು, ಇನ್ನೂ ದೊಡ್ಡ ಸಂಖ್ಯೆಯಲ್ಲಿ ಇಂಥ ಪ್ರಯೋಗ ನಡೆಸಬೇಕು. ಈ ಕಿರುಹೊತ್ತಿಗೆ ಓದುವ ವೈದ್ಯಕೀಯ ವಿದ್ಯಾರ್ಥಿ ಯಾರಾದರೂ ಇದ್ದರೆ, ದಯವಿಟ್ಟು ಆ 15ರಿಂದ ಆರಂಭಿಸಲಿ.