ಮೆಟ್ಟಿಲು ಗಾಡಿ ತಾಗಿತು, ಧಾರೆ ತಪ್ಪಿತು

ಕಳೆದ ವರ್ಷ ಮೇ ತಿಂಗಳಲ್ಲಿ ತುಮಕೂರಿನಲ್ಲಿ ಅಕ್ಕನ ಮಗಳ ಮದುವೆ. ಧಾರೆ ಭಾನುವಾರ ಬೆಳಿಗ್ಗೆ 9.40ಕ್ಕೆ. ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ನಾನು. ಕಂಪನಿಯ ಏಪ್ರಿಲ್ ಲೆಕ್ಕ ಮುಗಿಸಿಯೇ ಹೊರಡುವುದೆಂದು ಹಟ ಹಿಡಿದು, ಶನಿವಾರ ಮಧ್ಯಾಹ್ನ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ನಾಲ್ಕು ಟಿಕೆಟ್ ಮಾಡಿಸಿದ್ದೆ. 'ಎರಡು ದಿನ ಮೊದಲೇ ಹೋಗೋಣ' ಎಂದಿದ್ದ ಹೆಂಡತಿಯ ಮಾತು ಕೇಳಲಿಲ್ಲ.

ಬಸ್ಸಿನಲ್ಲಿ ವಿಮಾನದ ಹತ್ತಿರ ಕರೆದೊಯ್ದರು. ಆದರೆ ಬಸ್ಸಿನ ಬಾಗಿಲು ತೆರೆಯಲಿಲ್ಲ. ಹಳದಿ ಜಾಕೆಟ್‌ನ ನಾಲ್ಕೈದು ಜನ ಮೆಟ್ಟಿಲು ಗಾಡಿಯ ಸುತ್ತ ನಿಂತು ಮೇಲೆ ನೋಡುತ್ತಿದ್ದರು. ಗಾಡಿ ವಿಮಾನಕ್ಕೆ ತಾಗಿ, ಬಾಗಿಲ ಕೆಳಗೆ ಅಂಗೈಯಗಲ ತಗ್ಗು ಬಿದ್ದಿತ್ತು. ಅರ್ಧ ಗಂಟೆ ಕಾಯಿಸಿ ಅದೇ ಬಸ್ಸಿನಲ್ಲಿ ವಾಪಸ್ ತಂದರು. ಬೇರೆ ವಿಮಾನದಲ್ಲಿ ಬೆಂಗಳೂರು ತಲುಪಿದಾಗ 22 ಗಂಟೆ ತಡ. ಧಾರೆಯನ್ನು ಹೋಟೆಲ್ ಕೋಣೆಯಲ್ಲಿ, ಬೆಳಗಿನ 6.10ಕ್ಕೆ, ಮೊಬೈಲಿನಲ್ಲಿ ನೋಡಿದೆವು. ನನ್ನ ಜಾಗದಲ್ಲಿ ಚಿಕ್ಕಪ್ಪನ ಮಗ ನಿಂತಿದ್ದ.

'ಒಂದು ತಗ್ಗಿಗೆ ವಿಮಾನವನ್ನೇ ನಿಲ್ಲಿಸಬೇಕಿತ್ತೇನೋ?' ಎಂದು ಅಕ್ಕ ಕೇಳಿದಳು. ಬೇಕಿತ್ತು. 2005ರ ಡಿಸೆಂಬರ್ 26ರಂದು ಅಮೆರಿಕದ ಸಿಯಾಟಲ್‌ನಲ್ಲಿ ಅಲಾಸ್ಕಾ ಏರ್‌ಲೈನ್ಸ್ ವಿಮಾನಕ್ಕೆ ನೆಲದ ಮೇಲಿನ ವಾಹನವೊಂದು ತಾಗಿತ್ತು. ಕೆಲಸಗಾರ ಯಾರಿಗೂ ಹೇಳಲಿಲ್ಲ. ವಿಮಾನ ಸುಮಾರು 26,000 ಅಡಿ ಏರಿದಾಗ ಅದೇ ಜಾಗ ಕಿತ್ತು, ಸುಮಾರು ಒಂದು ಅಡಿ ಉದ್ದದ ತೂತಾಗಿ, ಒಳಗಿನ ಗಾಳಿಯ ಒತ್ತಡ ಇಳಿಯಿತು. ಹೇಗೋ ವಾಪಸ್ ಇಳಿಸಿದರು, ಎಲ್ಲರೂ ಉಳಿದರು. ಈಗಿನ ಕಾರ್ಬನ್ ಫೈಬರ್ ವಿಮಾನಗಳಲ್ಲಿ ಪೆಟ್ಟು ಹೊರಗೆ ಕಾಣದೆ ಒಳಪದರವೇ ಬಿಟ್ಟುಕೊಂಡಿರಬಹುದು. ಹಾಗಾಗಿ ಪರೀಕ್ಷೆ ಮಾಡದೆ ಹಾರಿಸುವಂತಿಲ್ಲ.

ಟಿವಿಯಲ್ಲಿ 'ವಿಮಾನಗಳ ಡಿಕ್ಕಿ' ಎಂದು ಬಂದಾಗ ಊರಿನಲ್ಲಿರುವವರ ಎದೆ ಧಸಕ್ಕೆನ್ನುತ್ತದೆ. ನಿಲುಗಡೆಯ ಬಳಿ ನಡೆಯುವ ಡಿಕ್ಕಿಗಳಲ್ಲಿ ವೇಗ ಕಡಿಮೆ, ಗಾಯಗಳೂ ಅಪರೂಪ. ಅನೇಕ ದೊಡ್ಡ ವಿಮಾನಗಳಲ್ಲಿ ಪೈಲಟ್‌ಗೆ ತನ್ನ ರೆಕ್ಕೆಯ ತುದಿಯೇ ಕಾಣುವುದಿಲ್ಲ. 2011ರಲ್ಲಿ ನ್ಯೂಯಾರ್ಕ್‌ನಲ್ಲಿ, ಸುಮಾರು 80 ಮೀಟರ್ ಅಗಲದ ರೆಕ್ಕೆಯ ಏರ್ ಫ್ರಾನ್ಸ್ ಎ380 ವಿಮಾನ ಸಣ್ಣ ವಿಮಾನವೊಂದರ ಬಾಲಕ್ಕೆ ತಾಗಿ ಅದನ್ನು ಬುಗುರಿಯಂತೆ ತಿರುಗಿಸಿತು. ಯಾರಿಗೂ ಗಾಯವಾಗಲಿಲ್ಲ. 2024ರ ಮಾರ್ಚ್‌ನಲ್ಲಿ ಕೋಲ್ಕತ್ತದಲ್ಲಿ ಇಂಡಿಗೊ ವಿಮಾನದ ರೆಕ್ಕೆ, ರನ್‌ವೇಗೆ ಹೋಗಲು ಕಾಯುತ್ತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನಕ್ಕೆ ತಾಗಿತು. ನಮ್ಮ ಕೆಂಪೇಗೌಡ ನಿಲ್ದಾಣದಲ್ಲೂ 2025ರ ಏಪ್ರಿಲ್‌ನಲ್ಲಿ ಟೆಂಪೊ ಟ್ರಾವೆಲರ್ ಒಂದು ನಿಂತಿದ್ದ ವಿಮಾನಕ್ಕೆ ಗುದ್ದಿತ್ತು. ಇಂತಹ ನೆಲದ ಮೇಲಿನ ಹಾನಿಯ ವೆಚ್ಚ 2035ರ ಹೊತ್ತಿಗೆ ವರ್ಷಕ್ಕೆ ಸುಮಾರು 1,000 ಕೋಟಿ ಡಾಲರ್ ಮುಟ್ಟಬಹುದೆಂದು ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಗಳ ಒಕ್ಕೂಟವಾದ ಐಯಾಟಾ 2022ರಲ್ಲಿ ಎಚ್ಚರಿಸಿತ್ತು.

ಆ ಲೆಕ್ಕ ಅವರದು. ನನ್ನ ಲೆಕ್ಕ ಬೇರೆ. ಯುರೋಪಿನಿಂದ ಹೊರಡುವ ವಿಮಾನ 3,500 ಕಿ.ಮೀ.ಗಿಂತ ದೂರದ ಊರಿಗೆ ನಾಲ್ಕು ಗಂಟೆಗಿಂತ ತಡವಾಗಿ ತಲುಪಿದರೆ ತಲಾ 600 ಯೂರೊ ಪರಿಹಾರ. ನಾಲ್ವರಿಗೆ 2,400. ಅರ್ಜಿ ಹಾಕಿದೆ. 'ಅಸಾಧಾರಣ ಸಂದರ್ಭ, ಪರಿಹಾರ ಇಲ್ಲ' ಎಂದು ಉತ್ತರ ಬಂತು. ಆಡಿಟ್ ಮಾಡುವವನಿಗೆ ದಾಖಲೆ ನೋಡದೆ ಒಪ್ಪುವ ಅಭ್ಯಾಸವಿಲ್ಲ.

ಹುಡುಕಿದಾಗ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದ 2014ರ ಆದೇಶ ಸಿಕ್ಕಿತು. ಸ್ಟುಟ್‌ಗಾರ್ಟ್‌ನಲ್ಲಿ ಮೆಟ್ಟಿಲು ಗಾಡಿ ವಿಮಾನಕ್ಕೆ ಗುದ್ದಿದ್ದ ಪ್ರಕರಣ ಅದು. ಮೆಟ್ಟಿಲು ಗಾಡಿ ಇಲ್ಲದೆ ಪ್ರಯಾಣಿಕರು ಹತ್ತುವುದು ಇಳಿಯುವುದು ನಡೆಯುವುದಿಲ್ಲ, ವಿಮಾನ ಸಂಸ್ಥೆಗೆ ಅದು ದಿನನಿತ್ಯದ ವ್ಯವಹಾರ. ಆದ್ದರಿಂದ ಇದು ಅಸಾಧಾರಣವಲ್ಲ ಎಂದಿತ್ತು ನ್ಯಾಯಾಲಯ. ಆದರೆ 2021ರ ಇನ್ನೊಂದು ತೀರ್ಪಿನಲ್ಲಿ, ನಿಂತ ವಿಮಾನಕ್ಕೆ ಬೇರೆ ಸಂಸ್ಥೆಯ ವಿಮಾನ ಬಂದು ತಾಗಿದ್ದನ್ನು ಅದೇ ನ್ಯಾಯಾಲಯ ಅಸಾಧಾರಣ ಎಂದಿತು. ತಗ್ಗು ಒಂದೇ, ತಾಗಿದ್ದು ಯಾವುದು ಎಂಬುದರ ಮೇಲೆ 600 ಯೂರೊ ನಿಂತಿದೆ! ಊಟ, ಹೋಟೆಲ್ ಮಾತ್ರ ಎರಡೂ ಸಂದರ್ಭದಲ್ಲಿ ಅವರೇ ಕೊಡಬೇಕು.

ಬಸ್ಸಿನ ಕಿಟಕಿಯಿಂದ ನನ್ನ ಮಗ ಸುಮ್ಮನೆ ತೆಗೆದಿದ್ದ ಫೋಟೊ ಕೆಲಸಕ್ಕೆ ಬಂತು. ಆದೇಶದ ಸಂಖ್ಯೆ ಬರೆದು, ಫೋಟೊ ಲಗತ್ತಿಸಿ ಮತ್ತೆ ಕಳಿಸಿದೆ. ಐದನೇ ತಿಂಗಳಿಗೆ ಹಣ ಬಂತು.

ಗಲ್ಫ್‌ನಲ್ಲಿರುವ ಗೆಳೆಯರು ಇದನ್ನು ಓದಿ ಆಸೆಪಡುವಂತಿಲ್ಲ. ದುಬೈ–ಮಂಗಳೂರು ವಿಮಾನಕ್ಕೆ ಈ ನಿಯಮ ಅನ್ವಯಿಸದು. ಅಲ್ಲಿ ಇರುವುದು ಭಾರತವೂ ಯುಎಇಯೂ ಒಪ್ಪಿರುವ ಮಾಂಟ್ರಿಯಲ್ ಒಪ್ಪಂದ. ವಿಳಂಬದಿಂದಾದ ನಷ್ಟಕ್ಕೆ ಒಬ್ಬರಿಗೆ ಗರಿಷ್ಠ 6,303 ಎಸ್‌ಡಿಆರ್, ನಮ್ಮ ದುಡ್ಡಿನಲ್ಲಿ ಏಳು ಲಕ್ಷಕ್ಕೂ ಮೇಲೆ. ಆದರೆ ಅದು ಮಿತಿ ಮಾತ್ರ. ಕಳೆದುಕೊಂಡ ಹಣಕ್ಕೆ ರಸೀದಿ ತೋರಿಸಬೇಕು, ಸಂಸ್ಥೆಯು ತಾನು ಎಲ್ಲ ಕ್ರಮ ಕೈಗೊಂಡಿದ್ದೆನೆಂದು ಸಾಬೀತು ಮಾಡಿದರೆ ಅದೂ ಇಲ್ಲ. ದಾವೆ ಹೂಡಲು ಎರಡು ವರ್ಷ ಅವಕಾಶ. ಟ್ಯಾಕ್ಸಿ, ಊಟ, ಹೊಸ ಟಿಕೆಟ್, ಯಾವ ಚೀಟಿಯನ್ನೂ ಎಸೆಯಬೇಡಿ.

ಅಕ್ಟೋಬರ್‌ನಲ್ಲಿ ಅಕ್ಕ, ಭಾವ ಇಲ್ಲಿಗೆ ಬರುತ್ತಿದ್ದಾರೆ. ಬೆಂಗಳೂರಿನಿಂದ ಹೊರಡುವಾಗ ಯುರೋಪಿನ ಸಂಸ್ಥೆಯ ವಿಮಾನವಾದರೆ ಮಾತ್ರ ಆ 600 ಯೂರೊ ನಿಯಮ ಅನ್ವಯ. ಹಾಗಾಗಿ ಸ್ವಲ್ಪ ಹೆಚ್ಚು ಕೊಟ್ಟು ಅದನ್ನೇ ಹಿಡಿದಿದ್ದೇನೆ. 'ಬಂದ ದುಡ್ಡಲ್ಲಿ ನಮ್ಮ ಟಿಕೆಟ್ ಆಯ್ತು ಅನ್ನು' ಎಂದು ನಕ್ಕ ಅಕ್ಕ, ಮದುವೆ ಆಲ್ಬಂ ಮಾತ್ರ ತರುವುದಿಲ್ಲವಂತೆ.